ಮನೆಗೆ ಬಂದ ಟೇಲರ್

ನಲವತ್ತೊಂದು ವರ್ಷ ಜೊತೆಗೆ ಬಾಳಿದ ಹೆಂಡತಿ ಹಸೀನಾ ಒಂದು ಬೆಳಿಗ್ಗೆ ಶಮಶೇರನನ್ನು ಕಂಡು ತಲೆಯ ಮೇಲೆ ಸೆರಗೆಳೆದುಕೊಂಡಳು. "ಯಾರೋ ಗಂಡಸರು ಬಂದಾರ ನೋಡು," ಎಂದು ಸೊಸೆ ಗುಲನಾಜಳನ್ನು ಕೂಗಿದಳು.

ಮರೆವಿನ ಕಾಯಿಲೆ ಎಂದು ನಿಪ್ಪಾಣಿಯ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ವಾರ, ತಾರೀಖು, ಒಲೆಯ ಮೇಲಿಟ್ಟ ಹಾಲು ಎಲ್ಲ ಮರೆತದ್ದಾಗಿತ್ತು; ಈಗ ಗಂಡನ ಸರದಿ. ಅಂದಿನಿಂದ ಅವನು ಕೊಟ್ಟ ನೀರನ್ನೂ ಅವಳು ಮುಟ್ಟಲಿಲ್ಲ. ಊಟ, ಸ್ನಾನ, ತಲೆ ಬಾಚುವುದು ಎಲ್ಲವೂ ಗುಲನಾಜಳ ಮೇಲೇ ಬಿತ್ತು. ಮಗ ಅರ್ಮಾನ ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ತವರೂರು ಐಗಳಿಯಲ್ಲಿ ತಂಗಿ ಹೆತ್ತು ತಿಂಗಳಾದರೂ ಗುಲನಾಜಳಿಗೆ ಕೂಸಿನ ಮುಖ ನೋಡಲಾಗಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಮೂರನೇ ಸಲ ತಾಟು ದೂಡಿದಾಗ ಅವಳು ಗೋಡೆಗೊರಗಿ ಅತ್ತುಬಿಟ್ಟಳು.

"ನನ್ನ ಕಡಿಂದ ಆಗೂದಿಲ್ರಿ ಅಬ್ಬಾ," ಎಂದಳು ಮಾವನನ್ನು ಕಂಡು.

ತನ್ನ ಹೊಲಿಗೆ ಅಂಗಡಿಯಿಂದ ಊಟಕ್ಕೆ ಬಂದ ಶಮಶೇರ ಬಾಗಿಲಲ್ಲೇ ನಿಂತ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹಸೀನಾಳ ಕಣ್ಣು ಅದರ ಮೇಲೆ ಬಿತ್ತು.

"ಟೇಲರ್ ಏನ್ರಿ ನೀವು?"

ಅವನು ಟೇಪನ್ನು ಕೈಗೆ ತೆಗೆದುಕೊಂಡ. "ಹೌದ್ರಿ ಭಾಭಿ. ಅಳತಿ ತೊಗೊಳ್ಳಾಕ ಬಂದೀನಿ."

"ಹಂಗಾರ ಬರ್ರಿ, ಕುಂದರ್ರಿ. ನನ್ನ ಜಂಪರ ಎಲ್ಲಾ ಸಡ್ಲ ಆಗ್ಯಾವ."

ಮಾವ ತನ್ನ ಹೆಂಡತಿಯನ್ನೇ ಅತ್ತಿಗೆಯೆಂಬಂತೆ ಭಾಭಿ ಅಂದದ್ದು ಕೇಳಿ ಗುಲನಾಜ ಅಳುವಿನ ನಡುವೆಯೇ ನಕ್ಕಳು.

ಶಮಶೇರ ಅಂಗಡಿಯ ಮಷೀನನ್ನು ಮನೆಯ ಪಡಸಾಲೆಗೇ ತಂದಿಟ್ಟ. ದಿನಾ ಬಾಗಿಲು ತಟ್ಟಿ, ಪರವಾನಗಿ ಕೇಳಿ ಒಳಗೆ ಬರುತ್ತಿದ್ದ. "ರಟ್ಟಿ ಸಣ್ಣ ಆಗ್ಯಾವ್ರಿ, ಎರಡು ತುತ್ತು ಹೆಚ್ಚಿಗಿ ಉಣ್ರಿ," ಎಂದರೆ ಅವಳು ಉಣ್ಣುತ್ತಿದ್ದಳು. ಸ್ನಾನಕ್ಕೆ ಮಾತ್ರ ಪಕ್ಕದ ಮನೆಯ ಸುಂದ್ರವ್ವ ಬರಲು ಒಪ್ಪಿದಳು. ಮರುವಾರ ಅವನೇ ಸೊಸೆಯನ್ನು ಬಸ್ಸು ಹತ್ತಿಸಿ ತವರಿಗೆ ಕಳಿಸಿದ.

ಸೊಸೆ ಹೋದ ಮೂರನೆಯ ದಿನ ಊಟಕ್ಕೆ ಕೂತಾಗ ಹಸೀನಾ ದನಿ ತಗ್ಗಿಸಿದಳು. "ನಮ್ಮ ಮನಿಯವ್ರೂ ಟೇಲರನ ಅದಾರ್ರಿ. ಮನ್ಯಾಗ ಕುಂದ್ರಾಕ ಪುರಸೊತ್ತ ಇಲ್ಲ ಅವ್ರಿಗೆ."

"ತಪ್ಪು ಅವಂದ. ನಾ ಬೈತೀನಿ ತಗೋರಿ."

"ಏ, ಬೈಬ್ಯಾಡ್ರಿ!" ಅವಳು ಗಾಬರಿಯಾದಳು. "ಮನಷಾ ಭಾಳ ಒಳ್ಳ್ಯಾಂವ."

ಶಮಶೇರ ತನ್ನ ತಾಟಿನ ರೊಟ್ಟಿ ಮುರಿದು ಅವಳ ತಾಟಿಗಿಟ್ಟ. ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಅವನೆದುರು ಒಮ್ಮೆಯೂ ಆಡಿರಲಿಲ್ಲ.

ಅಷ್ಟರಲ್ಲಿ ಗುಲನಾಜಳ ಫೋನು ಬಂತು. "ಅಮ್ಮಿ ಉಂಡ್ರೇನ್ರಿ ಅಬ್ಬಾ? ನಾಳೆ ಬರ್ಲಿ?"

"ಉಣ್ಣಾಕತ್ತಾಳ. ನಾವಿಬ್ರೂ ಆರಾಮ ಅದೀವಿ," ಎಂದ ಅವನು. "ಕೂಸಿನ ಕೂಡ ಇನ್ನೆರಡು ದಿನ ಇದ್ದು ಬಾ ಬೇಟಿ."