ಅಶೌಚ ಎಂಬ ಮಾತು

ಚಲಪತಿಯವರು ಮೈಕು ಹಿಡಿದರೆ ಪಂಕಜಳಿಗೆ ಮೈ ಉರಿಯುತ್ತಿತ್ತು. ರೇಷ್ಮೆ ಹುಳುವಿನ ರೋಗಗಳನ್ನು ರೈತರಿಗೆ ತಿಳಿಸಿ ಹೇಳುವ ಸರ್ಕಾರಿ ಪ್ರಚಾರಾಧಿಕಾರಿ ಅವರು. ಬಿ.ಎಸ್ಸಿ. ಮುಗಿಸಿ, ಅರವತ್ತೊಂದನೇ ಇಸವಿಯಲ್ಲಿ ಚಿಕ್ಕಬಳ್ಳಾಪುರದಿಂದ ಅವರ ಸಹಾಯಕಿಯಾಗಿ ಬಂದವಳು ಇವಳು. ಅವರ ಬಾಯಲ್ಲಿ ಹುಳು ಕೀಟವಾಗುತ್ತಿತ್ತು, ರೋಗ ವ್ಯಾಧಿಯಾಗುತ್ತಿತ್ತು, ಹಿಪ್ಪುನೇರಳೆ ಸೊಪ್ಪು ಪತ್ರವಾಗುತ್ತಿತ್ತು. ಜನ ಆಕಳಿಸುತ್ತಿದ್ದರು.

“ಈ ಜನಕ್ಕೆ ವಿಜ್ಞಾನ ಎಲ್ಲಿ ತಲೆಗೆ ಹೋಗುತ್ತೆ ಪಂಕಜ? ಹೇಳೋದು ನಮ್ಮ ಕರ್ತವ್ಯ, ಹೇಳಿದ್ದಾಯ್ತು” ಎಂದು ವ್ಯಾನಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುವರು. ಯಾರಿಗೂ ತಿಳಿಯದ ಹಾಗೆ ಹೇಳುವುದಕ್ಕೇ ಸಂಬಳ ಪಡೆಯುವ ಮನುಷ್ಯ ಎಂದುಕೊಂಡು ಅವಳು ಮುಖ ತಿರುಗಿಸುವಳು.

ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಯಲ್ಲಿ ಓಬಳಮ್ಮ ಎಂಬ ಹೆಂಗಸು ಪಂಕಜಳನ್ನು ಮನೆಗೆ ಕರೆದಳು. ಹೋದ ವರ್ಷದಂತೆ ಈ ಸಲವೂ ಅವಳ ಬೆಳೆ ಕೆಟ್ಟಿತ್ತು. ತಟ್ಟೆಯಲ್ಲಿ ಹುಳುಗಳು ಒಂದು ದಪ್ಪ, ಒಂದು ಸಣಕಲು. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. ಹೋದ ವರ್ಷವೂ ಹೀಗೇ ಇತ್ತಂತೆ. ಪಂಕಜ ಒಂದು ಹುಳುವನ್ನು ನೀರಿನಲ್ಲಿ ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಾಗಿಲ ಬಿಸಿಲಿಗೆ ಸೂಕ್ಷ್ಮದರ್ಶಕ ಇಟ್ಟಳು.

“ನೀವೇ ನೋಡಿ ಓಬಳಮ್ಮನೋರೆ.”

ಓಬಳಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. “ಅಕ್ಕಿನುಚ್ಚು ಚೆಲ್ದಂಗೆ ಮಿಣಮಿಣ ಅಂತದೆ.”

“ಅದೇ ಗಂಟುರೋಗ. ತಾಯಿಚಿಟ್ಟೆ ಹೊಟ್ಟೇಲಿದ್ದದ್ದು ಮೊಟ್ಟೆಗೆ ಬಂತು, ಮೊಟ್ಟೆಯಿಂದ ಹುಳಕ್ಕೆ. ನೀವು ತಂದ ಮೊಟ್ಟೇಲೇ ಇತ್ತು.”

ಓಬಳಮ್ಮ ತಲೆ ಎತ್ತಿದಳು. “ಹಂಗಾದ್ರೆ ಮೈಲಿಗೆಯಿಂದ ಅಲ್ವಾ?”

“ಯಾವ ಮೈಲಿಗೆ?”

“ಹೋದ ವರ್ಷ ನಿಮ್ಮ ಸಾಹೇಬ್ರೇ ಮೈಕಲ್ಲಿ ಹೇಳಿದ್ರಲ್ಲಮ್ಮ, ಅಶೌಚದಿಂದ ಹುಳ ಸಾಯ್ತವೆ ಅಂತ. ನನ್ನ ಸೊಸೆ ಮುಟ್ಟಾದಾಗ ಹುಳದ ಮನೆಗೆ ಕಾಲಿಟ್ಟಿದ್ಲು. ತೊಂಡೇಬಾವಿಗೆ ಅಟ್ಟಿಬಿಟ್ಟೆ, ತೌರುಮನೇಗೆ.”

ಪಂಕಜ ಅದನ್ನು ಚಲಪತಿಯವರಿಗೆ ಹೇಳಿದಾಗ ಅವರು ನಕ್ಕರು. “ನಾನು ಹೇಳಿದ್ದು ಕೊಳಕು ಅನ್ನೋ ಅರ್ಥದಲ್ಲಿ. ಶುದ್ಧ ಕನ್ನಡ ತಿಳೀದಿದ್ರೆ ನಾನೇನು ಮಾಡ್ಲಿ?”

“ಕೊಳಕು ಅಂತಲೇ ಅನ್ನಬಹುದಿತ್ತಲ್ಲ ಸಾರ್.”

“ಮೈಕಿನ ಮುಂದೆ ನಿಂತು ಕೊಳಕು ಅನ್ನೋಕಾಗುತ್ತೇನಮ್ಮ?”

ಅವರೊಡನೆ ಮಾತು ಬೆಳೆಸುವುದೂ ಅವಳಿಗೆ ಹೇಸಿಗೆಯೆನಿಸಿತು. ಭಾನುವಾರ ಓಬಳಮ್ಮನ ಜೊತೆ ತಾನೇ ತೊಂಡೇಬಾವಿಗೆ ಹೋದಳು. ಸೊಸೆ ಆಂಜಿನಮ್ಮ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಪಂಕಜ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ.

“ನಿಮ್ಮ ಆಫೀಸಿನೋರು ಹೇಳಿದ್ರು ಅಂತ ಆಚೆ ಹೋಗಿದ್ದಾಯ್ತು. ಈಗ ನಿಮ್ಮ ಆಫೀಸಿನೋರು ಹೇಳಿದ್ರು ಅಂತ ಒಳಗೆ ಬರಬೇಕಾ? ನನ್ನನ್ನ ಊರಿನೋರ ಮುಂದೆ ಮೈಲಿಗೆ ಮಾಡಿದ್ದು. ಅಲ್ಲ ಅಂತ ಊರಿನೋರ ಮುಂದೇನೇ ಹೇಳಿ.”

ಆ ಹುಡುಗಿ ತನ್ನನ್ನೂ ಚಲಪತಿಯವರನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡುತ್ತಿದ್ದಾಳೆ ಎಂದು ಪಂಕಜಳಿಗೆ ಆಗ ಗೊತ್ತಾಯಿತು. ಮುಖ ಕೆಂಪಾಯಿತು. ವ್ಯಾನಿನಲ್ಲಿ ಮುಖ ತಿರುಗಿಸಿ ಕೂತು ತಾನು ಸಾಧಿಸಿದ್ದಾದರೂ ಏನು?

ಓಬಳಮ್ಮನ ಊರಿನಲ್ಲೇ ನಡೆದ ಮುಂದಿನ ಸಭೆಯಲ್ಲಿ ಮೈಕು ಪರೀಕ್ಷೆ ಮಾಡುವ ಕೆಲಸ ಅವಳದು. ರೋಗದ ಹುಳುವಿನ ಹನಿ ಸವರಿದ ಗಾಜನ್ನೂ ಸೂಕ್ಷ್ಮದರ್ಶಕವನ್ನೂ ಪಕ್ಕದ ಮೇಜಿನ ಮೇಲೆ ಇಟ್ಟಿದ್ದಳು. ಚಲಪತಿಯವರು ಶಲ್ಯ ಸರಿಮಾಡಿಕೊಳ್ಳುತ್ತಿರುವಾಗಲೇ ಅವಳು ಶುರುಮಾಡಿದಳು.

“ಹೋದ ವರ್ಷ ನಾವು ಅಶೌಚ ಅಂದದ್ದು ಹೆಂಗಸರ ಮುಟ್ಟಿಗಲ್ಲ, ಕೊಳಕಿಗೆ. ಓಬಳಮ್ಮನೋರ ಹುಳ ಸತ್ತದ್ದು ಕೊಳಕಿನಿಂದಲೂ ಅಲ್ಲ, ರೋಗದ ಮೊಟ್ಟೆಯಿಂದ. ಆಂಜಿನಮ್ಮನ ತಪ್ಪು ಏನೂ ಇಲ್ಲ. ತಪ್ಪು ನಮ್ಮದು. ತಿಳಿಯೋ ಹಾಗೆ ಹೇಳಲಿಲ್ಲ.”

ಚಲಪತಿಯವರು ಮೈಕು ಕಿತ್ತುಕೊಂಡರು. ಅಷ್ಟರಲ್ಲಿ ಜನ ಎದ್ದು ಸೂಕ್ಷ್ಮದರ್ಶಕದ ಮುಂದೆ ಸಾಲು ನಿಂತಿದ್ದರು. ಪಂಕಜ ಹೇಳಿಕಳಿಸಿದ್ದರಿಂದ ಅಪ್ಪನ ಜೊತೆ ಬಂದಿದ್ದ ಆಂಜಿನಮ್ಮ ಎಲ್ಲರಿಗಿಂತ ಮೊದಲು ನೋಡಿದಳು. ಅಂದೇ ಗಂಡನ ಮನೆಗೂ ಹೋದಳು. ಅತ್ತೆಯ ಜೊತೆ ಮಾತ್ರ ಆರು ತಿಂಗಳು ಮಾತಾಡಲಿಲ್ಲ.

“ವಿಷಯಜ್ಞಾನವಿದೆ, ಭಾಷಾಗಾಂಭೀರ್ಯವಿಲ್ಲ” ಎಂದು ಚಲಪತಿಯವರು ಅವಳ ಬಗ್ಗೆ ಮೇಲಧಿಕಾರಿಗಳಿಗೆ ಬರೆದು ಕಳಿಸಿದರು. ಪಂಕಜಳ ಕೆಲಸ ಕಾಯಂ ಆಗಲಿಲ್ಲ. ಅವರಿಗೆ ಬಡ್ತಿ ಸಿಕ್ಕಿತು, ಬೆಂಗಳೂರಿಗೆ ಹೋದರು. ಬೀಳ್ಕೊಡುಗೆಯ ಸಭೆಯಲ್ಲಿ ಒಂದೂವರೆ ಗಂಟೆ ಮಾತಾಡಿದರಂತೆ, ಪಂಕಜ ಹೋಗಲಿಲ್ಲ. ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿ ಸೇರಿ, ಮೊದಲ ದಿನವೇ ಸೂಕ್ಷ್ಮದರ್ಶಕದಲ್ಲಿ ನೋಡಲು ಮಕ್ಕಳ ಕೈಯಲ್ಲಿ ಕೆರೆಯ ನೀರು ತರಿಸಿದಳು.