ಹುಳಿನೀರಿಗೆ ಬಿದ್ದ ಲಾವಾ

ಮೇಜಿನ ಕೆಳಗೆ, ಮಂಚದ ಕೆಳಗೆ, ಕೊನೆಗೆ ಅಕ್ಕಿ ಡಬ್ಬದ ಹಿಂದೆಯೂ ಹುಡುಕಿ ಮುಗಿಸುವ ಹೊತ್ತಿಗೆ ಶಶಿಧರನಿಗೆ ಶಂಕರಘಟ್ಟದ ಬಸ್ಸು ಹಿಡಿಯಲು ಇಪ್ಪತ್ತು ನಿಮಿಷ ಉಳಿದಿತ್ತು. ಹನ್ನೊಂದಕ್ಕೆ ಅಲ್ಲಿನ ಯೂನಿವರ್ಸಿಟಿಯಲ್ಲಿ ವೈವಾ, ಮೌಖಿಕ ಪರೀಕ್ಷೆ. ಅವನ ಭೂವಿಜ್ಞಾನದ ಎಂ.ಎಸ್ಸಿ. ಆ ವೈವಾದ ಮೇಲೆ ನಿಂತಿತ್ತು, ವೈವಾ ಒಂದು ಕಲ್ಲಿನ ಮೇಲೆ ನಿಂತಿತ್ತು. ಭದ್ರಾವತಿಯ ಆ ಎರಡು ಕೋಣೆಯ ಮನೆಯಲ್ಲಿ ಕಲ್ಲೇ ಕಾಣುತ್ತಿರಲಿಲ್ಲ.

“ಅಮ್ಮ, ನನ್ ಕಲ್ಲೆಲ್ಲಿ?”

“ಬಚ್ಚಲಲ್ಲಿ ಐತೆ ನೋಡು,” ಎಂದರು ದುರ್ಗಮ್ಮ, ರೊಟ್ಟಿ ತಟ್ಟುತ್ತಲೇ. “ಮೈತುಂಬ ಬಿಳೀ ಚುಕ್ಕೆ ಹಿಡ್ದಿತ್ತು. ಮೇಷ್ಟ್ರಿಗೆ ತೋರ್ಸೋದು ಹಂಗಾ ಇರೋದು? ಪೂಜೆ ತಂಬಿಗೆ ಜೊತೆ ಹುಳಿನೀರಿಗೆ ಹಾಕ್ದೆ. ನಿಂಬೆ ಸಿಪ್ಪೇನೂ ಹಾಕಿದೀನಿ. ಎರಡು ದಿನ ಆಯ್ತು, ನೀನೇ ನೋಡಿಲ್ಲ.”

ಬಕೆಟ್ಟಿನಲ್ಲಿ ಹಿತ್ತಾಳೆ ತಂಬಿಗೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಕಲ್ಲು. ಬಿಳಿ ಚುಕ್ಕೆಗಳಿದ್ದ ಕಡೆಯೆಲ್ಲ ಸಣ್ಣ ಸಣ್ಣ ತೂತು. ಇನ್ನೂರೈವತ್ತು ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ತಣಿಯುವಾಗ ಒಳಗಿನ ಗುಳ್ಳೆಗಳು ಆ ತೂತು ಮಾಡಿದ್ದವು. ಆಮೇಲೆ ನೀರು ಇಳಿದಿಳಿದು ಅವುಗಳಲ್ಲಿ ಬಿಳಿ ಖನಿಜ ತುಂಬಿತ್ತು. ಭೂಮಿ ಅಷ್ಟು ನಿಧಾನಕ್ಕೆ ತುಂಬಿದ್ದನ್ನು ಅಮ್ಮ ಎರಡೇ ದಿನದಲ್ಲಿ ಖಾಲಿ ಮಾಡಿದ್ದರು. ಶಶಿಧರನಿಗೆ ಅಳುವೇ ಬಂತು.

“ಈಗ ಎಷ್ಟು ಲಕ್ಷಣವಾಗೈತೆ,” ಎಂದು ದುರ್ಗಮ್ಮ ಸೆರಗಿನಿಂದ ಒರೆಸಿ ಕೊಟ್ಟರು.

ವೈವಾದಲ್ಲಿ ಪ್ರೊಫೆಸರ್ ಕೊಟ್ರಬಸಪ್ಪ ಒಮ್ಮೆ ಕಲ್ಲು ನೋಡಿದರು, ಒಮ್ಮೆ ರಿಪೋರ್ಟು ನೋಡಿದರು.

“ತೂತಲ್ಲೆಲ್ಲ ಕ್ವಾರ್ಟ್ಜ್ ತುಂಬಿದೆ ಅಂತ ಬರ್ದಿದೀಯ. ಎಲ್ಲಪ್ಪ ಅದು?”

ಸುಳ್ಳು ಹೊಳೆಯಲಿಲ್ಲ. ಶಶಿಧರ ತಂಬಿಗೆಯಿಂದ ಹಿಡಿದು ನಿಂಬೆ ಸಿಪ್ಪೆಯವರೆಗೆ ಎಲ್ಲ ಹೇಳಿದ. ಪ್ರೊಫೆಸರು ಕನ್ನಡಕ ತೆಗೆದಿಟ್ಟರು.

“ಹುಳಿಗೆ ಕ್ವಾರ್ಟ್ಜ್ ಕರಗುತ್ತೇನಯ್ಯ?”

“ಇಲ್ಲ ಸರ್.”

“ಮತ್ತೆ ಯಾವ್ದು ಕರಗುತ್ತೆ?”

ಅವನು ಕಲ್ಲಿನ ಖಾಲಿ ತೂತುಗಳನ್ನು ನೋಡಿದ. “ಕ್ಯಾಲ್ಸೈಟ್, ಸರ್. ಸುಣ್ಣದ ಖನಿಜ.”

“ಅಂದ್ರೆ ಒಂದು ತೊಟ್ಟು ಆಸಿಡ್ ಹಾಕಿ ಗುಳ್ಳೆ ಏಳುತ್ತಾ ಅಂತ ನೋಡಿಲ್ಲ ನೀನು.”

“ಇಲ್ಲ ಸರ್. ನಮ್ ಸೀನಿಯರ್ ಶಿವರಾಜ್ ರಿಪೋರ್ಟಿಂದ ಇಳಿಸ್ಕೊಂಡೆ.”

“ಅವನ ಕಲ್ಲು ಬೇರೆ ಗುಡ್ಡದ್ದು, ಮಾರಾಯ.” ಕೊಟ್ರಬಸಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ ರಿಪೋರ್ಟು ಅವನ ಮುಂದೆ ತಳ್ಳಿದರು. “ನಿನ್ನ ಫೇಲ್ ಮಾಡ್ಬೇಕಾಗಿತ್ತು. ಇನ್ನೊಂದು ಕಲ್ಲು ತಗೊಂಬಾ. ನಿಮ್ಮಮ್ಮ ಮಾಡಿದ ಹಂಗೇ ಮಾಡಿ, ಕೂತು ನೋಡಿ, ಮುಂದಿನ ಸೋಮವಾರ ಬರ್ಕೊಂಡು ಬಾ.”

ಸಂಜೆ ಬಾಗಿಲಲ್ಲೇ ದುರ್ಗಮ್ಮ ಕೇಳಿದರು: “ಪಾಸಾದೇನೋ?”

“ನೀನು ಪಾಸಾದೆ. ನಂದು ಇನ್ನೂ ಬಾಕಿ ಐತೆ.”

ಶನಿವಾರ ಅವನು ಮೊದಲ ಕಲ್ಲು ಸಿಕ್ಕಿದ್ದ ಶಿವಮೊಗ್ಗದಾಚೆಯ ಗುಡ್ಡದಿಂದಲೇ ಇನ್ನೊಂದು ಕಲ್ಲು ಹೊತ್ತು ತಂದ. ದುರ್ಗಮ್ಮ ಹುಣಸೆ ಕಿವುಚಿ, ಸೋಸಿ, ನಿಂಬೆ ಸಿಪ್ಪೆ ಹಿಂಡಿದರು.

“ಎಷ್ಟು ಹುಣಸೆ ಅಮ್ಮ? ಬರ್ಕೋಬೇಕು.”

“ಅದ್ನೇನು ಬರ್ಕೊಂತೀಯೋ, ಕೈಗೆ ಬಂದಷ್ಟು. ಹೊಸ ಹುಣಸೆ ಆಗಲ್ಲ, ಹಳೇದೇ ಬೇಕು ಅಂತ ಬರ್ಕೊ.”

ಅವನು ಅದನ್ನೂ ಬರೆದುಕೊಂಡು, ಕಲ್ಲನ್ನು ತಂಬಿಗೆಯ ಜೊತೆ ಬಕೆಟ್ಟಿಗೆ ಇಳಿಸಿದ. ಬಚ್ಚಲ ಹೊಸ್ತಿಲ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟು ಬಗ್ಗಿದ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಬಿಳಿ ಚುಕ್ಕೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಬಿಟ್ಟುಕೊಂಡಿತು. ತಂಬಿಗೆಯ ಪಕ್ಕದಲ್ಲಿ ಮೇಲಕ್ಕೆ ಬಂದು ಒಡೆಯಿತು.

“ಅಮ್ಮ,” ಎಂದು ಅವನು ಮೆಲ್ಲಗೆ ಕರೆದು, ಹೊಸ್ತಿಲ ಮೇಲೆ ಜಾಗ ಬಿಟ್ಟು ಸರಿದು ಕೂತ.