ಅಳಿಸಿದ ಮೊದಲ ಆಯ್ಕೆ

ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸೈಬರ್ ಅಂಗಡಿಯಲ್ಲಿ ಸಚಿನ ಸಿಇಟಿ ಸೀಟಿನ ಅರ್ಜಿ ತೆರೆದು, ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು, "ಮೊದಲನೇ ಆಪ್ಶನ್ ಏನ್ ಹಾಕೂಣು?" ಎಂದು ಕೇಳಿದ. ನಿರ್ಮಲಾ ಯೋಚಿಸಲಿಲ್ಲ.

"ವೆಟರ್ನರಿ. ಮೊದಲ ಗದಗ, ಆಮ್ಯಾಲ ಬೀದರ, ಆಮ್ಯಾಲ ಶಿವಮೊಗ್ಗ."

"ನರ್ಸಿಂಗ್ ಮ್ಯಾಲ ಹಾಕೂದಿಲ್ಲೇನು? ಹುಡ್ಗ್ಯಾರೆಲ್ಲ ಅದನ್ನ ಹಾಕಾಕತ್ಯಾರ. ಲಗೂ ನೌಕರಿ ಸಿಗ್ತೈತಿ."

"ಬೇಕಾದ್ರ ಕಡೀಕ ಹಾಕ್ರಿ."

ಹಿಂದೆ ನಿಂತಿದ್ದ ಅವಳ ಅಪ್ಪ ಶಿವಲಿಂಗಪ್ಪ ನಕ್ಕ. "ಆಕಿ ಹೇಳಿದಂಗ ಹಾಕಪಾ. ದನದ ಡಾಕ್ಟರ್ ಆದ್ರೇನಾತು, ಡಾಕ್ಟರ್ ಡಾಕ್ಟರ." ಓಟಿಪಿ ಬಂದದ್ದು ಅವನ ಮೊಬೈಲಿಗೆ. ಕನ್ನಡಕ ಹಣೆಗೇರಿಸಿ, ಒಂದೊಂದೇ ಅಂಕಿಯನ್ನು ಮಂತ್ರ ಹೇಳಿದಂತೆ ಓದಿದ.

ಸಾಂಬ್ರಾಣಿಯಲ್ಲಿ ಶಿವಲಿಂಗಪ್ಪನಿಗೆ ನಾಲ್ಕು ಎಕರೆ ಕಬ್ಬು, ಕೊಟ್ಟಿಗೆಯಲ್ಲಿ ಐದು ಎಮ್ಮೆ. ಕಬ್ಬು ಅವನದು, ಎಮ್ಮೆ ಹೆಂಡತಿ ಮಾಲವ್ವನವು. ಒಬ್ಬಳೇ ಮಗಳು ನಿರ್ಮಲಾ ಹತ್ತನೆಯ ತರಗತಿಯ ರಜೆಯಲ್ಲಿ ಪಶು ಆಸ್ಪತ್ರೆಯ ಡಾಕ್ಟರ್ ಅನ್ನಪೂರ್ಣಾ ಅವರ ಬೆನ್ನು ಹತ್ತಿದವಳು ಮತ್ತೆ ಬಿಡಲಿಲ್ಲ. ಭಾನುವಾರ ಬಂದರೆ ಸಾಕು, ಅವರ ಸ್ಕೂಟರಿನ ಹಿಂದೆ ಔಷಧದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಹೊಟ್ಟೆಯುಬ್ಬರಿಸಿದ ಎತ್ತಿಗೆ ಎಲ್ಲಿ ಚುಚ್ಚಬೇಕು, ಕರು ಅಡ್ಡ ಸಿಕ್ಕಿಕೊಂಡರೆ ಕಾಲನ್ನು ಹೇಗೆ ನೇರ ಮಾಡಬೇಕು, ಒದೆಯುವ ಎಮ್ಮೆಯ ಯಾವ ಬದಿಗೆ ನಿಲ್ಲಬೇಕು, ಎಲ್ಲವನ್ನೂ ಅವರು ಕಲಿಸಿದ್ದರು. ನಲವತ್ತರ ಆಸುಪಾಸಿನ, ಮದುವೆಯಾಗದ, ಮಾತು ಕಡಿಮೆಯ ಹೆಂಗಸು. ಊರ ಜನ ಹಿಂದಿನಿಂದ 'ದನದ ಡಾಕ್ಟರಬಾಯಿ' ಎನ್ನುತ್ತಿದ್ದರು. ನಿರ್ಮಲಾಳಿಗೆ ಮಾತ್ರ ಅವರಿಗಿಂತ ದೊಡ್ಡವರು ಯಾರೂ ಇರಲಿಲ್ಲ.

ರೈತರ ಮಕ್ಕಳ ಕೋಟಾಕ್ಕೆ ಧಾರವಾಡದಲ್ಲಿ ಪ್ರಾಯೋಗಿಕ ಪರೀಕ್ಷೆ ಇದ್ದಾಗ ಅದಕ್ಕೆ ತಯಾರಿ ಮಾಡಿಸಿದವರೂ ಅವರೇ. ಕಾಗದದ ಪೊಟ್ಟಣಗಳಲ್ಲಿ ಬೀಜ, ಗೊಬ್ಬರ, ಒಣಗಿದ ಕಳೆ ತಂದು ಆಸ್ಪತ್ರೆಯ ಕಟ್ಟೆಯ ಮೇಲೆ ಹರವಿ ಹೆಸರು ಹೇಳಿಸಿದ್ದರು. ನಿರ್ಮಲಾ ಒಂದೂ ತಪ್ಪಲಿಲ್ಲ. ಅದಾದ ಮೇಲೆ ಮೇಡಂ ಜ್ವರವೆಂದು ಒಂದು ತಿಂಗಳು ರಜೆ ಹಾಕಿ ಬೆಳಗಾವಿಗೆ ಹೋದರು. ಮರಳಿ ಬಂದಾಗ ಕೊರಳೆಲುಬು ಎದ್ದು ಕಾಣುತ್ತಿತ್ತು, ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದ್ದರು.

ಸೀಟುಗಳ ಅಣಕು ಹಂಚಿಕೆಯ ಪಟ್ಟಿ ಬಂದ ದಿನ ನಿರ್ಮಲಾಳ ಹೆಸರಿನ ಮುಂದೆ ಗದಗಿನ ವೆಟರ್ನರಿ ಕಾಲೇಜಿತ್ತು. ಶಿವಲಿಂಗಪ್ಪ ಪೇಡೆ ತಂದು ಓಣಿಯಲ್ಲಿ ಹಂಚಿದ. ನಿರ್ಮಲಾ ಪೇಡೆಯ ಡಬ್ಬಿ ಹಿಡಿದು ಆಸ್ಪತ್ರೆಗೆ ಓಡಿದಳು. ಅನ್ನಪೂರ್ಣಾ ಒಂದು ಪೇಡೆ ತೆಗೆದುಕೊಂಡರು, ಬಾಯಿಗಿಡಲಿಲ್ಲ.

"ಇದು ಬರೇ ಅಣಕು ಹಂಚಿಕಿ ಅಲ್ಲ? ಇನ್ನೂ ಬದಲ ಮಾಡಾಕ ಬರ್ತೈತೇನು?"

"ಮೂರು ದಿವಸ ಟೈಮ್ ಐತಿ ಮೇಡಂ. ನಾ ಏನ್ ಬದಲ ಮಾಡೂದಿಲ್ಲ ಬಿಡ್ರಿ."

"ಹೂಂ," ಎಂದು ಅವರು ಒಳಗೆ ಹೋದರು. ಜ್ವರದ ನಿತ್ರಾಣ ಇನ್ನೂ ಹೋಗಿಲ್ಲ ಎಂದುಕೊಂಡು ನಿರ್ಮಲಾ ಮನೆಗೆ ಬಂದಳು.

ಖರೇ ಪಟ್ಟಿ ಹತ್ತು ದಿನಗಳ ಮೇಲೆ ಬಂತು. ಅದರಲ್ಲಿ ಹುಬ್ಬಳ್ಳಿಯ ಒಂದು ನರ್ಸಿಂಗ್ ಕಾಲೇಜಿನ ಹೆಸರಿತ್ತು.

ಮೊಬೈಲಿನಲ್ಲಿ ಮೂರು ಸಲ ತೆರೆದು ನೋಡಿದಳು. ಸಾಂಬ್ರಾಣಿಯ ನೆಟ್‌ವರ್ಕಿನ ಮೇಲೆ ನಂಬಿಕೆಯಿಡದೆ ಸಿಕ್ಕ ಬಸ್ಸಿಗೆ ಹಳಿಯಾಳಕ್ಕೆ ಹೋದಳು. ಸಚಿನ ಮಾನಿಟರಿನ ಮರೆಯಿಂದ ಅವಳ ಮುಖ ನೋಡಿ, "ಅಲ್ಲ, ನಿನಗ ಗೊತ್ತಿಲ್ಲೇನು?" ಎಂದ.

"ಏನು?"

"ಕಡೇ ದಿನಾ ಸಂಜೀಕ ನಿಮ್ಮಪ್ಪಾರ ಬಂದಿದ್ರಲ್ಲ. ವೆಟರ್ನರಿ ಮೂರೂ ತಗಿಸಿದ್ರು. ನರ್ಸಿಂಗ್ ಮ್ಯಾಲ ಹಾಕಂದ್ರು. ಓಟಿಪಿ ಅವರ ಫೋನಿಗೇ ಬರ್ತೈತಿ, ನಾ ಯಾಕ ಬ್ಯಾಡನ್ಲಿ?"

ನಿರ್ಮಲಾಳಿಗೆ ಅಪ್ಪನ ಮುಖ ಕಣ್ಣ ಮುಂದೆ ಬಂತು. ಪೇಡೆ ಹಂಚಿದ ಕೈ. ಆಮೇಲೆ ಒಂದು ವಾರ ಅದೇ ಮನುಷ್ಯ ಎದುರಿಗೆ ಕೂತು ಊಟ ಮಾಡಿದ್ದ. "ಅಪ್ಪ ಒಬ್ಬನ ಬಂದಿದ್ನೇನು?"

"ಇಲ್ಲ. ನಿಮ್ಮ ಡಾಕ್ಟರ್ ಮೇಡಂ ಇದ್ರು."

ಒಂದು ಗಳಿಗೆ ಅವಳ ಎದೆ ಹಗುರಾಯಿತು. ಮೇಡಂ ಇದ್ದರೆಂದರೆ ತಡೆದಿರಬೇಕು, ಅಪ್ಪನೇ ಹಟ ಹಿಡಿದಿರಬೇಕು. "ಅವರು ಏನಂದ್ರು?"

ಸಚಿನ ತಲೆ ತುರಿಸಿಕೊಂಡ. "ಮೇಡಂ ಅವರ ಹೇಳಿದ್ರು, ನಾ ಒತ್ತಿದ್ನಿ. ನಿಮ್ಮಪ್ಪಾರು ಸುಮ್ಮ ಕುಂತಿದ್ರು."

"ಈಗ ಮತ್ತ ಹಾಕಾಕ ಬರ್ತೈತಿ? ಎರಡನೇ ಸುತ್ತಿನ್ಯಾಗ?"

"ತಗದದ್ದು ಹೋತು, ತಂಗಿ. ಇದ್ದದ್ರಾಗ ಹಿಂದಮುಂದ ಮಾಡಬಹುದು, ಹೊಸಾದು ಸೇರ್ಸಾಕ ಬರೂದಿಲ್ಲ."

ಮನೆಗೆ ಬಂದಾಗ ಶಿವಲಿಂಗಪ್ಪ ಪಡಸಾಲೆಯಲ್ಲಿ ಕೂತಿದ್ದ. ಮಗಳು ಬಾಗಿಲಲ್ಲಿ ನಿಂತ ರೀತಿಯಿಂದಲೇ ಅವನಿಗೆ ತಿಳಿಯಿತು. ಅವನು ಸುಳ್ಳು ಹೇಳಲಿಲ್ಲ.

"ಮೇಡಂ ಮನೀತನಕಾ ಬಂದಿದ್ರವ್ವಾ. ನೀ ಗುಡಿಗೆ ಹೋಗಿದ್ದಿ. 'ನಿಮ್ಮ ಕೈ ಮುಗೀತೇನಿ, ನನ್ನ ದಾರೀಗೆ ಆ ಹುಡುಗೀನ ಕಳಸಬ್ಯಾಡ್ರಿ' ಅಂದ್ರು. ಅತ್ತರವ್ವಾ ಅವರು. ಅಂಥಾ ಹೆಣ್ಮಗಳು ನನ್ನ ಮುಂದ ಅತ್ತಿದ್ದು ನಾ ಎಂದೂ ನೋಡಿರ್ಲಿಲ್ಲ."

"ನನಗ ಹೇಳಬೇಕಿತ್ತಲ್ಲ."

"ಆಕಿಗೆ ಹೇಳಿದ್ರ ಕೇಳೂದಿಲ್ಲ ಅಂದ್ರು. ಅವರಿಗಿಂತ ಹೆಚ್ಚು ನನಗೇನು ಗೊತ್ತೈತಿ? ನಾ ಕಬ್ಬು ಕಡಿಯಾಂವ."

ಒಳಗಿನಿಂದ ಮಾಲವ್ವ, "ಆದದ್ದು ಆತು. ನರ್ಸ್ ಆದ್ರ ಮಂದಿ ಜೀವಾ ಉಳಸ್ತಾಳ. ದನದ ಜೀವಕ್ಕಿಂತ ಮನಷ್ಯಾರ ಜೀವ ದೊಡ್ಡದಲ್ಲೇನು?" ಎಂದಳು. ಎಮ್ಮೆಗೆ ಜ್ವರ ಬಂದರೆ ಮೂರು ಹೊತ್ತು ಊಟ ಬಿಡುವ ಮಾಲವ್ವ. ನಿರ್ಮಲಾ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯ ಹಾದಿ ಹಿಡಿದಳು.

ಅನ್ನಪೂರ್ಣಾ ಒಬ್ಬರೇ ಇದ್ದರು. ಮೇಜಿನ ಮೇಲೆ ಲಸಿಕೆಯ ರಿಜಿಸ್ಟರು ತೆರೆದಿತ್ತು. ಅವಳನ್ನು ಕಂಡು ಪೆನ್ನು ಕೆಳಗಿಟ್ಟರು.

"ಬಾ, ಕುಂದ್ರು."

"ನಿಲ್ಲತೇನ್ರಿ. ಯಾಕ ಮಾಡಿದ್ರಿ?"

ಅವರು ಬಲಗೈ ಮುಂದೆ ಚಾಚಿದರು. ಮಣಿಕಟ್ಟು ಊದಿತ್ತು. ಬೆರಳು ಮಡಚಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. "ಇದು ಜ್ವರ ಅಲ್ಲ. ಎಮ್ಮಿ ದಿನಾ ತುಂಬೂದ್ರಾಗ ಕಂದ ಹಾಕ್ತಾವಲ್ಲ, ಆ ರೋಗ. ನಮಗೂ ಹತ್ತತೈತಿ. ಹೋಗ್ತೈತಿ, ಮತ್ತ ಬರ್ತೈತಿ. ಈ ಕೈಲೆ ಇನ್ನ ಎಷ್ಟು ದಿನಾ ಕೆಲಸ ಮಾಡ್ತೀನೋ ಗೊತ್ತಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಎರಡು ವರ್ಷದ ಹಿಂದ ನಿಮ್ಮ ಎಮ್ಮಿ ಏಳು ತಿಂಗಳಿಗೇ ಕಂದ ಹಾಕಿತ್ತು. ಉದ್ದನ್ನ ಕೈಗವಸು ತೀರಿದ್ವು. ನಾ ಬರಿಗೈಲೆ ಒಳಗಿನ ಮಾಸು ತಗದೆ. ನೀ ಆ ಸತ್ತ ಕರಾ ಎತ್ತಿ ಎದಿಗವಚಿಕೊಂಡು ಹಿತ್ತಲಕ ಹೋದಿ. ನನಗ ಆ ಎಮ್ಮಿಯಿಂದನ ಬಂತೋ, ಮತ್ಯಾವದರಿಂದ ಬಂತೋ, ಯಾರು ಹೇಳಬೇಕು. ಆ ವರ್ಷ ಅಂಥಾವು ಹತ್ತು ನೋಡೀನಿ. ಆದ್ರ ನನ್ನ ರಿಪೋರ್ಟ್ ಬಂದ ಕೂಡ್ಲೆ ನೆನಪಾದಾಕಿ ನೀನ. ರಕ್ತದ ಗುಂಪು ನೋಡ್ತೇನಿ ಅಂತ ಹೇಳಿ ಹೋದ ತಿಂಗಳ ನಿನ್ನ ರಕ್ತ ತಗೊಂಡಿರಲಿಲ್ಲ? ಅದಕ್ಕ. ನಿನಗ ಏನೂ ಇಲ್ಲಂತ ಬರೂತನಕ ನಾ ನಿದ್ದಿ ಮಾಡಿಲ್ಲ."

ನಿರ್ಮಲಾ ಆ ಕೈಯನ್ನೇ ನೋಡುತ್ತ ನಿಂತಳು. ಮರುಕ ಬಂತು. ಅದರ ಹಿಂದೆಯೇ, ಆ ಮರುಕವನ್ನೂ ಇವರು ತನ್ನನ್ನು ಕೇಳದೆ ಹುಟ್ಟಿಸಿದರಲ್ಲ ಎಂಬ ಸಿಟ್ಟು ಬಂತು. ಸಿಟ್ಟಾಗಬೇಕಾದ ಹೊತ್ತಿನಲ್ಲಿ ಮರುಗುವುದು ಅವಳಿಗೆ ಬೇಡವಾಗಿತ್ತು.

"ಕೈಗವಸು ಇಲ್ಲದ ಮುಟ್ಟಬ್ಯಾಡ ಅಂತ ಹೇಳಬಹುದಿತ್ತು," ಅಂದಳು. "ನರ್ಸ್ ಆದ್ರ ರೋಗ ಹತ್ತೂದಿಲ್ಲೇನ್ರಿ? ಟಿಬಿ ಇಲ್ಲ? ಸೂಜಿ ಚುಚ್ಚೂದಿಲ್ಲ?"

"ಹತ್ತತೈತಿ. ಆದ್ರ ಅಲ್ಲಿ ನಿನ್ನ ಸುತ್ತ ಡಾಕ್ಟರ್ ಇರ್ತಾರ. ನನಗ ಏನಾಗೇತಿ ಅಂತ ತಿಳ್ಯಾಕ ಏಳು ತಿಂಗಳ ಹಿಡೀತು. ದನದ ಡಾಕ್ಟರ್ ಬಂದು ನನಗ ಜ್ವರಾ ಅಂದ್ರ ದವಾಖಾನ್ಯಾಗ ಗುಳಿಗಿ ಕೊಟ್ಟು ಕಳಸ್ತಾರ. ಹದಿನೈದು ವರ್ಷ ಆತು ನಿರ್ಮಲಾ, ಒಬ್ಬರೂ ನನ್ನನ್ನ ಡಾಕ್ಟರ್ ಅಂತ ಪೂರಾ ಕರದಿಲ್ಲ. ಮುಂದೊಂದು ದನಾ ಅಂತ ಸೇರಿಸೇ ಕರೀತಾರ."

"ನಾ ಕರದೇನಿ."

ಅನ್ನಪೂರ್ಣಾ ರಿಜಿಸ್ಟರು ಮುಚ್ಚಿದರು.

"ಒಂದು ಮಾತು ಕೇಳಬಹುದಿತ್ತಲ್ರಿ ನನಗ."

"ಕೇಳಿದ್ರ ಏನಂತಿದ್ದಿ?"

"ವೆಟರ್ನರಿ ಅಂತಿದ್ದೆ."

"ಅದಕ್ಕ ಕೇಳಲಿಲ್ಲ," ಎಂದರು ಅವರು. ತಪ್ಪು ಮಾಡಿದವರ ದನಿ ಇರಲಿಲ್ಲ ಅದರಲ್ಲಿ. ಒದೆಯುವ ಎಮ್ಮೆಗೆ ಸೂಜಿ ಹಾಕಿ ಮುಗಿಸಿದ ಮೇಲಿನ ದನಿ ಅದು.

ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಬರೆಯುತ್ತೇನೆ ಎಂದು ನಿರ್ಮಲಾ ಅಪ್ಪನಿಗೆ ಹೇಳಿದಳು. ಅವನು, "ಮುಂದಿನ ವರ್ಷ ಮೇಡಂ ಮತ್ತ ಬಂದು ಕೈ ಮುಗದ್ರ ನಾ ಏನ್ ಮಾಡ್ಲಿ?" ಎಂದ. ಆ ಮಾತಿನಿಂದ ಅವಳಿಗೆ ತಿಳಿದುಹೋಯಿತು: ಈ ಮನೆಯಲ್ಲಿ ಅವಳ ಮಾತಿಗಿಂತ ಆ ಕಣ್ಣೀರಿಗೆ ತೂಕ ಹೆಚ್ಚು. ಟ್ರಂಕಿಗೆ ಬಟ್ಟೆ ತುಂಬಿಕೊಂಡು ಹುಬ್ಬಳ್ಳಿಗೆ ಹೋದಳು.

ಕಲಿಕೆಯಲ್ಲಿ ಅವಳು ಹಿಂದೆ ಬೀಳಲಿಲ್ಲ. ವಾರ್ಡಿನಲ್ಲಿ ರಕ್ತ ಕಂಡು ಜೊತೆಯವರು ಗೋಡೆ ಹಿಡಿದಾಗ ಅವಳು ಹತ್ತಿಯಿಟ್ಟು ಗಾಯ ಒತ್ತಿ ಹಿಡಿಯುತ್ತಿದ್ದಳು. "ಈ ಹುಡುಗಿ ಇದಕ್ಕ ಹುಟ್ಯಾಳ," ಎಂದು ಹಿರಿಯ ಸಿಸ್ಟರೊಬ್ಬರು ಹೇಳಿದರು. ಇದಕ್ಕಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ರೋಗಿಗಳು ಮಾತನಾಡುತ್ತಿದ್ದರು, ಬೈಯುತ್ತಿದ್ದರು, ಕೆಲವರು ನೀರು ಕುಡಿಸಲು ಹೋದರೆ ಯಾವ ಮಂದಿ ಎಂದು ಜಾತಿ ಕೇಳುತ್ತಿದ್ದರು. ಅವಳು ಎಲ್ಲರನ್ನೂ ಚೆನ್ನಾಗಿ ನೋಡಿಕೊಂಡಳು, ಯಾರನ್ನೂ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. ಅನ್ನಪೂರ್ಣಾ ಅವರಿಗೆ ಜೊಯಿಡಾ ಕಡೆ ವರ್ಗವಾಯಿತೆಂದು ಅವ್ವ ಫೋನಿನಲ್ಲಿ ಹೇಳಿದಳು. ಹಬ್ಬಹರಿದಿನಕ್ಕೆ ಅವರ ನಂಬರಿನಿಂದ ಫೋನು ಬರುತ್ತಿತ್ತು. ಅದು ಬಡಿದುಕೊಂಡು ನಿಲ್ಲುವವರೆಗೆ ನಿರ್ಮಲಾ ನೋಡುತ್ತ ಕೂರುತ್ತಿದ್ದಳು.

ಮೂರನೆಯ ವರ್ಷ ದೀಪಾವಳಿಗೆ ಊರಿಗೆ ಬಂದಿದ್ದಳು. ಪಾಡ್ಯದ ಮರುದಿನ ಮಧ್ಯಾಹ್ನ ಚೊಚ್ಚಲ ಎಮ್ಮೆಯೊಂದು ಈಯಲು ಕೂತು ಎರಡು ತಾಸಾದರೂ ಕರು ಬರಲಿಲ್ಲ. ಮೂತಿ ಕಾಣುತ್ತಿತ್ತು, ಒಂದು ಗೊರಸು ಕಾಣುತ್ತಿತ್ತು, ಇನ್ನೊಂದು ಇರಲಿಲ್ಲ. ಹೊಸ ಡಾಕ್ಟರು ಕಾಡಂಚಿನ ಹಳ್ಳಿಗೆ ಲಸಿಕೆ ಹಾಕಲು ಹೋಗಿದ್ದರು. ಶಿವಲಿಂಗಪ್ಪ ದಿಕ್ಕು ತೋಚದೆ ಅನ್ನಪೂರ್ಣಾ ಅವರಿಗೇ ಫೋನು ಹಚ್ಚಿದ. ಮಾತಾಡಿ, ಅಡುಗೆಮನೆಯಲ್ಲಿ ಕೂತಿದ್ದ ಮಗಳ ಮುಂದೆ ಫೋನು ಹಿಡಿದ.

"ನಿರ್ಮಲಾ," ಆ ಕಡೆಯ ದನಿ ದಣಿದಿತ್ತು, "ಒಂದು ಮುಂಗಾಲು ಹಿಂದಕ್ಕ ಮಡಚಿಕೊಂಡೈತಿ ಅನಸ್ತೈತಿ. ನಿನಗ ಬರ್ತೈತಿ ಅದು. ಕರಾ ಸ್ವಲ್ಪ ಹಿಂದ ನೂಕಿ ಗೊರಸು ಅಂಗೈಯಾಗ ಹಿಡಕೊಂಡು ತಗಿ. ಲಗೂನ ಹೋಗು."

"ನಾ ನರ್ಸಿಂಗ್ ಕಲ್ಯಾಕತ್ತೇನ್ರಿ ಮೇಡಂ," ಅಂದಳು ನಿರ್ಮಲಾ. "ಎಮ್ಮಿಗೆ ಡಾಕ್ಟರ್ ಬೇಕು. ನೀವ ಬರ್ರಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಶಿವಲಿಂಗಪ್ಪ ಮಗಳನ್ನು ನೋಡಿದ. ಫೋನು ಜೇಬಿಗಿಳಿಸಿ ಕೊಟ್ಟಿಗೆಗೆ ಹೋದ.

ಅವಳು ಬದನೆಕಾಯಿ ಹೆಚ್ಚುತ್ತ ಕೂತಳು. ಕೊಟ್ಟಿಗೆಯಲ್ಲಿ ಎಮ್ಮೆ ಮುಕ್ಕರಿಯುವುದು ಕೇಳುತ್ತಿತ್ತು. ಅವ್ವ ಅದಕ್ಕೆ ಏನೇನೋ ಹೇಳಿ ಸಮಾಧಾನ ಮಾಡುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷವಾಯಿತು. ಕಲಿಯಲಿ ಇವರು, ಎಂದುಕೊಂಡಳು. ಇಪ್ಪತ್ತಾಯಿತು. ಹೆಚ್ಚಿದ್ದನ್ನೇ ಮತ್ತೆ ಸಣ್ಣಗೆ ಹೆಚ್ಚಿದಳು. ಮುಕ್ಕರಿಕೆ ಸಣ್ಣದಾಗುತ್ತ ಬಂತು, ನಡುನಡುವೆ ನಿಂತೇ ಹೋಗತೊಡಗಿತು. ಅರ್ಧ ತಾಸಿನ ಮೇಲೆ ಅವಳಿಂದ ಕೂರಲಾಗಲಿಲ್ಲ. ಈಳಿಗೆ ಹಾಗೇ ಬಿಟ್ಟು ಎದ್ದಳು.

ಮೊಣಕೈ ಮೇಲಿನವರೆಗೆ ಸೋಪು ಹಚ್ಚಿ ತೊಳೆದು, ಚೀಲದಲ್ಲಿದ್ದ ವಾರ್ಡಿನ ಕೈಗವಸು ಹಾಕಿಕೊಂಡು ಎಮ್ಮೆಯ ಹಿಂದೆ ಮಂಡಿಯೂರಿದಳು. ಕೈಗೆ ಏನೂ ಮರೆತಿರಲಿಲ್ಲ. ಕರುವನ್ನು ಹಿಂದಕ್ಕೆ ನೂಕಿದಳು, ಮಡಚಿದ ಮೊಣಕಾಲು ಸಿಕ್ಕಿತು, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಎಳೆದಳು. ಹತ್ತು ನಿಮಿಷದ ಕೆಲಸ. ಕರು ಹುಲ್ಲಿನ ಮೇಲೆ ಜಾರಿತು. ಮೂಗಿನ ಲೋಳೆ ಒರೆಸಿದಳು, ಹಿಂಗಾಲು ಹಿಡಿದು ತಲೆಕೆಳಗೆ ಮಾಡಿದಳು, ಎದೆ ತಿಕ್ಕಿದಳು. ಮೈ ಇನ್ನೂ ಬಿಸಿಯಿತ್ತು. ಉಸಿರಿರಲಿಲ್ಲ. ಹೆಣ್ಣು ಕರು.

ಎಮ್ಮೆ ಉಳಿಯಿತು. ಸಂಜೆಗೆ ಎದ್ದು ನೀರು ಕುಡಿಯಿತು.

"ಎಮ್ಮಿ ಉಳಿಸಿದಿ ನನ್ನವ್ವಾ," ಎಂದ ಶಿವಲಿಂಗಪ್ಪ. ಅವನ ಕಣ್ಣು ತುಂಬಿದ್ದವು. "ಕರದ ಋಣ ಇಷ್ಟ ಇತ್ತು ಬಿಡು. ನೀ ಏನ್ ಮಾಡ್ತಿ."

ಮಾಲವ್ವ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು: ನಮ್ಮ ಹುಡುಗಿ ಮಂದಿಗೂ ಆದ್ಲು, ದನಕ್ಕೂ ಆದ್ಲು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಅರ್ಧ ತಾಸು ಮೊದಲು ಕೈ ಹಾಕಿದ್ದರೆ ಕರು ಉಳಿಯುತ್ತಿತ್ತೇನೋ ಎಂಬುದನ್ನು ನಿರ್ಮಲಾ ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಹಳಿಯಾಳ ದಾಟುವಾಗ ಅನ್ನಪೂರ್ಣಾ ಅವರ ಸಂದೇಶ ಬಂತು. 'ಕರಾ ಏನಾತು?' ಎಂದಷ್ಟೇ ಇತ್ತು. ಉತ್ತರ ಬರೆಯತೊಡಗಿ ಎರಡು ಸಲ ಅಳಿಸಿದಳು. ಅಪ್ಪನಿಗೆ ತಿಳಿಯದಿದ್ದದ್ದು ಈ ಹೆಂಗಸಿಗೆ ತಿಳಿಯುತ್ತದೆ, ಎಷ್ಟು ಹೊತ್ತಿಗೆ ಕೈ ಹಾಕಿದಿ ಎಂದು ಕೇಳಿಯೇ ಕೇಳುತ್ತಾರೆ. ಕೊನೆಗೆ 'ಸತ್ತಿತು' ಎಂದು ಕಳಿಸಿದಳು.

ಅವರು ಮುಂದೇನೂ ಕೇಳಲಿಲ್ಲ. ಅದಾದ ಮೇಲೆ ಹಬ್ಬಕ್ಕೂ ಅವರ ಫೋನು ಬರಲಿಲ್ಲ.